ತಾನಾಗಿ ಹೊರಬಿದ್ದ ಬುಗುರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಶಿರಸಿಯಲ್ಲಿ ಪ್ರೌಢಶಾಲಾ ಶಿಕ್ಷಕಿ. ಬೇಸಿಗೆ ರಜೆಯಲ್ಲಿ ನಮ್ಮ ಬಡಾವಣೆಯ ಹದಿನಾಲ್ಕು ಮಕ್ಕಳಿಗಾಗಿ ಒಂದು ಸಣ್ಣ ಶಿಬಿರ ನಡೆಸುತ್ತೇನೆ. ಈ ವರ್ಷ ಮಧ್ಯಾಹ್ನದ ಹೊತ್ತೆಲ್ಲ ಬೇಬ್ಲೇಡ್ ಎಕ್ಸ್ ಬುಗುರಿಗಳ ಕಾಳಗಕ್ಕೇ ಮೀಸಲಾಗಿದೆ. ಲೆಕ್ಕ ಸುಲಭವಾಗಲಿ, ಜಗಳ ತಪ್ಪಲಿ ಎಂದು ನಾವು ಎರಡು ನಿಯಮ ಮಾಡಿಕೊಂಡೆವು. ಹೇಗೆ ಗೆದ್ದರೂ ಒಂದು ಸುತ್ತಿಗೆ ಒಂದೇ ಅಂಕ, ಮೊದಲು ನಾಲ್ಕು ಅಂಕ ಗಳಿಸಿದವರಿಗೆ ಪಂದ್ಯ ಎಂಬುದು ಒಂದು. ಎದುರಾಳಿಯನ್ನು ಒಮ್ಮೆಯೂ ತಾಗದೆ ಬುಗುರಿ ತಾನಾಗಿ ಸ್ಟೇಡಿಯಂನಿಂದ, ಅಂದರೆ ಬುಗುರಿ ಆಡಿಸುವ ತಟ್ಟೆಯಿಂದ, ಹೊರಬಿದ್ದರೆ ಆ ಸುತ್ತಿನ ಅಂಕ ಎದುರಾಳಿಗೆ ಎಂಬುದು ಇನ್ನೊಂದು. ಅಟ್ಯಾಕ್ ಬುಗುರಿ ಹಿಡಿದ ಮಕ್ಕಳು ಈ ಎರಡನೆಯ ನಿಯಮ ತಮ್ಮನ್ನು ಸೋಲಿಸಲೆಂದೇ ಮಾಡಿದ್ದು ಎನ್ನುತ್ತಾರೆ. ಕಳೆದ ವಾರ ಅಟ್ಯಾಕ್ ಬುಗುರಿಗೂ ಸ್ಟ್ಯಾಮಿನಾ ಬುಗುರಿಗೂ ನಡೆದ ಹತ್ತು ಪಂದ್ಯಗಳಲ್ಲಿ ಏಳನ್ನು ಅಟ್ಯಾಕ್ ಬುಗುರಿಗಳು ಸೋತದ್ದೂ ನಿಜ. ಇಬ್ಬರು ಮಕ್ಕಳು ಆಗಲೇ ತಮ್ಮ ಬುಗುರಿ ಬದಲಾಯಿಸಿಕೊಂಡಿದ್ದಾರೆ. ನಿಯಮ ನಿಜವಾಗಿಯೂ ಪಕ್ಷಪಾತ ಮಾಡುತ್ತಿದೆಯೇ ಎಂಬುದನ್ನು ಪರೀಕ್ಷಿಸಿ ನೋಡುವ ಬಗೆ ಹೇಗೆ?
– ಓರ್ವ ಶಿಕ್ಷಕಿ, ಶಿರಸಿ

ಉತ್ತರ: ಮಕ್ಕಳ ದೂರನ್ನು ನೀವು ತಳ್ಳಿಹಾಕದೆ ಪರೀಕ್ಷೆಗೆ ಒಡ್ಡಲು ಹೊರಟಿರುವುದು ನನಗೆ ಬಹಳ ಸಂತೋಷ ಕೊಟ್ಟಿತು. ಆದ್ದರಿಂದ ಈ ತಿಂಗಳ ಅಂಕಣವನ್ನು ಹೆಚ್ಚುಕಡಿಮೆ ನಿಮ್ಮ ಪತ್ರಕ್ಕೇ ಬಿಟ್ಟುಕೊಡುತ್ತಿದ್ದೇನೆ.

ಈ ಆಟದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಬೇಬ್ಲೇಡ್ ಎಂಬ ಬುಗುರಿಯನ್ನು ಜಪಾನಿನ ಟಕಾರಾ ಕಂಪನಿ 1999ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೆ ಪ್ರೇರಣೆಯಾದದ್ದು ಬೇಗೋಮಾ ಎಂಬ ಅಲ್ಲಿಯ ಹಳೆಯ ಪುಟ್ಟ ಬುಗುರಿ; ಪೀಪಾಯಿಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಬುಗುರಿಗಳನ್ನು ಬಿಟ್ಟು, ಒಂದು ಇನ್ನೊಂದನ್ನು ಹೊರಗೆ ನೂಕುವ ಆಟವದು. ನಮ್ಮಲ್ಲಿ ಚಾಟಿ ಸುತ್ತಿ ಬುಗುರಿ ಬಿಟ್ಟು ಎದುರಾಳಿಯ ಬುಗುರಿಗೆ ಗುನ್ನ ಹೊಡೆಯುತ್ತಿದ್ದವರಿಗೆ ಇದರ ರುಚಿಯನ್ನು ವಿವರಿಸಬೇಕಾಗಿಲ್ಲ. ಬೇಬ್ಲೇಡ್ ಎಕ್ಸ್ 2023ರಲ್ಲಿ ಬಂದ ಹೊಸ ಪೀಳಿಗೆ. ಇದರ ಬುಗುರಿಗೆ ಮೂರು ಭಾಗಗಳು: ಮೇಲೆ ಲೋಹದ ಬ್ಲೇಡ್, ನಡುವೆ ರ್‍ಯಾಚೆಟ್, ಕೆಳಗೆ ನೆಲಕ್ಕೆ ತಾಗುವ ಬಿಟ್. ಅಟ್ಯಾಕ್, ಡಿಫೆನ್ಸ್, ಸ್ಟ್ಯಾಮಿನಾ, ಬ್ಯಾಲೆನ್ಸ್ ಎಂದು ನಾಲ್ಕು ಬಗೆ. ಹೆಸರೇ ಹೇಳುವಂತೆ ಅಟ್ಯಾಕ್ ಬುಗುರಿ ಓಡಾಡಿ ಗುದ್ದುತ್ತದೆ, ಸ್ಟ್ಯಾಮಿನಾ ಬುಗುರಿ ನಡುವೆ ನಿಂತು ಹೆಚ್ಚು ಹೊತ್ತು ತಿರುಗುತ್ತದೆ.

ಈ ಓಡಾಟದ ಗುಟ್ಟು ಬಿಟ್‌ನಲ್ಲಿದೆ. ಅಟ್ಯಾಕ್ ಬುಗುರಿಯ ಬಿಟ್ ಸಾಮಾನ್ಯವಾಗಿ ಚಪ್ಪಟೆ. ಬುಗುರಿ ಸ್ವಲ್ಪ ವಾಲಿದೊಡನೆ ಆ ಚಪ್ಪಟೆ ತಳದ ಅಂಚು, ಅಂದರೆ ಬುಗುರಿಯ ಅಕ್ಷದಿಂದ ದೂರದಲ್ಲಿರುವ ಒಂದು ಜಾಗ, ನೆಲವನ್ನು ಒತ್ತುತ್ತದೆ. ಅಕ್ಷದಿಂದ ದೂರವಿರುವ ಜಾಗ ವೇಗವಾಗಿ ಸರಿಯುತ್ತಿರುವುದರಿಂದ ಅಲ್ಲಿಯ ಘರ್ಷಣೆ ಇಡೀ ಬುಗುರಿಯನ್ನು ಚಕ್ರದಂತೆ ಓಡಿಸುತ್ತದೆ, ಅದೇ ಹೊತ್ತಿಗೆ ಅದರ ಸುತ್ತುವ ಶಕ್ತಿಯನ್ನೂ ತಿನ್ನುತ್ತದೆ. ಚೂಪಾದ ಅಥವಾ ದುಂಡನೆಯ ಬಿಟ್ ಅಕ್ಷದ ಬಳಿಯಲ್ಲೇ ನೆಲವನ್ನು ಮುಟ್ಟುವುದರಿಂದ ಓಡುವುದೂ ಕಡಿಮೆ, ಬಳಲುವುದೂ ಕಡಿಮೆ. ಎಕ್ಸ್ ಪೀಳಿಗೆಯಲ್ಲಿ ಇದರ ಮೇಲೆ ಇನ್ನೊಂದು ಏರ್ಪಾಡಿದೆ: ಸ್ಟೇಡಿಯಂನ ಒಳ ಅಂಚಿನಲ್ಲಿ ಹಲ್ಲಿನ ಹಳಿಯೊಂದಿದ್ದು, ಬಿಟ್‌ನ ಸುತ್ತಲಿರುವ ಹಲ್ಲುಗಳು ಅದಕ್ಕೆ ಕಚ್ಚಿಕೊಂಡಾಗ ಬುಗುರಿ ಒಮ್ಮೆಲೇ ಚಿಮ್ಮಿ ಓಡುತ್ತದೆ. ಎದುರಾಳಿಯನ್ನು ಹೊರಗೆ ಎಸೆಯುವ ಬಲ ಬರುವುದು ಈ ಓಟದಿಂದ, ಎದುರಿಗೆ ಯಾರೂ ಸಿಗದಿದ್ದರೆ ತಾನೇ ಹೊರಗೆ ಹಾರುವುದೂ ಈ ಓಟದಿಂದಲೇ. ಹಾಗಾಗಿ ತಾನಾಗಿ ಹೊರಬೀಳುವುದು ಮುಖ್ಯವಾಗಿ ಅಟ್ಯಾಕ್ ಬುಗುರಿಯ ಪಾಡು ಎಂಬ ಮಕ್ಕಳ ಮಾತಿನಲ್ಲಿ ಹುರುಳಿದೆ. ಆದರೆ ಅಷ್ಟರಿಂದಲೇ ನಿಯಮ ಅನ್ಯಾಯದ್ದು ಎಂದಾಗುವುದಿಲ್ಲ.

ಮೊದಲು ಆ ಹತ್ತು ಪಂದ್ಯಗಳನ್ನು ಪಕ್ಕಕ್ಕಿಡಿ. ಯಾವ ದೋಷವೂ ಇಲ್ಲದ ನಾಣ್ಯವೊಂದನ್ನು ಹತ್ತು ಬಾರಿ ಚಿಮ್ಮಿದರೆ ಏಳು ಅಥವಾ ಅದಕ್ಕಿಂತ ಹೆಚ್ಚು ಸಲ ಒಂದು ಗೊತ್ತಾದ ಮುಖವೇ ಬೀಳುವ ಸಂಭವ 1024ರಲ್ಲಿ 176, ಅಂದರೆ ನೂರಕ್ಕೆ ಹದಿನೇಳು. ಎರಡೂ ಬುಗುರಿಗಳು ಸರಿಸಮವಾಗಿದ್ದು ನಿಯಮವೂ ನಿಷ್ಪಕ್ಷವಾಗಿದ್ದಾಗಲೂ ಆರು ವಾರಗಳಿಗೊಮ್ಮೆ ನೀವು ಇಂಥ ವಾರವನ್ನು ಕಾಣುತ್ತೀರಿ. ಅದಕ್ಕಿಂತ ಮುಖ್ಯವಾದ ತೊಡಕು ಬೇರೆ. ಅಟ್ಯಾಕ್ ಬುಗುರಿಗಳು ನಿಜಕ್ಕೂ ಹೆಚ್ಚು ಸೋಲುತ್ತಿವೆ ಎಂದೇ ಇಟ್ಟುಕೊಳ್ಳೋಣ. ಅದು ನಿಯಮದಿಂದಲೋ, ಆ ಬುಗುರಿಗಳೇ ಸಪ್ಪೆಯೋ, ಅವುಗಳನ್ನು ಹಿಡಿದ ಮಕ್ಕಳು ಚಿಕ್ಕವರೋ ಎಂಬುದು ಸೋಲಿನ ಎಣಿಕೆಯಿಂದ ತಿಳಿಯುವುದಿಲ್ಲ. ನಿಮ್ಮ ಪ್ರಶ್ನೆ ಅಟ್ಯಾಕ್ ಬುಗುರಿ ಸೋಲುತ್ತದೆಯೇ ಎಂಬುದಲ್ಲ; ಈ ನಿಯಮ ಇಲ್ಲದೇ ಇದ್ದಿದ್ದರೆ ಅದೇ ಬುಗುರಿ, ಅದೇ ಕೈಯಲ್ಲಿ, ಅದೇ ದಿನ ಎಷ್ಟು ಕಡಿಮೆ ಸೋಲುತ್ತಿತ್ತು ಎಂಬುದು.

ಹೀಗೆ ಕೇಳಿಕೊಂಡರೆ ಪರೀಕ್ಷೆಯ ದಾರಿ ತಾನೇ ತೆರೆಯುತ್ತದೆ. ಎರಡು ನಿಯಮಗಳಿಗಾಗಿ ಎರಡು ಬೇರೆ ಬೇರೆ ಪಂದ್ಯಾವಳಿ ನಡೆಸಬೇಕಾಗಿಲ್ಲ. ಸುತ್ತುಗಳನ್ನು ಒಮ್ಮೆ ಆಡಿಸಿ, ಪ್ರತಿಯೊಂದು ಸುತ್ತು ಹೇಗೆ ಮುಗಿಯಿತು ಎಂಬುದನ್ನು ಮಾತ್ರ ಬರೆದುಕೊಳ್ಳಿ, ಅಂಕ ಹಾಕಬೇಡಿ. ಆಮೇಲೆ ಮನೆಯಲ್ಲಿ ಕುಳಿತು ಅದೇ ದಾಖಲೆಗೆ ಒಂದು ನಿಯಮದ ಪ್ರಕಾರ ಒಮ್ಮೆ, ಇನ್ನೊಂದರ ಪ್ರಕಾರ ಮತ್ತೊಮ್ಮೆ ಅಂಕ ಹಾಕಿ. ಬುಗುರಿ ಅದೇ, ಕೈ ಅದೇ, ಅದೃಷ್ಟವೂ ಅದೇ ಆಗಿರುವುದರಿಂದ ಫಲಿತಾಂಶದಲ್ಲಿ ಕಾಣುವ ವ್ಯತ್ಯಾಸವೆಲ್ಲ ನಿಯಮದ್ದೇ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಇಲ್ಲಿಯ ಸಂಖ್ಯೆಗಳು ವಿವರಣೆಗಾಗಿ ನಾನು ಹಿಡಿದುಕೊಂಡವು. ನಿಮ್ಮ ಶಿಬಿರದ ಸಂಖ್ಯೆಗಳು ಬೇರೆಯೇ ಬಂದಾವು. ಅಟ್ಯಾಕ್ ಮತ್ತು ಸ್ಟ್ಯಾಮಿನಾ ಬುಗುರಿಗಳ ನಡುವೆ ನೂರು ಸುತ್ತು ಆಡಿಸಿದಾಗ ಅಟ್ಯಾಕ್ ಬುಗುರಿ 40 ಸುತ್ತುಗಳಲ್ಲಿ ಎದುರಾಳಿಯನ್ನು ಹೊರಗೆ ನೂಕಿ ಗೆದ್ದಿತು, 48 ಸುತ್ತುಗಳಲ್ಲಿ ತಾನು ಮೊದಲು ನಿಂತುಹೋಗಿ ಸೋತಿತು, ಉಳಿದ 12ರಲ್ಲಿ ಯಾರನ್ನೂ ತಾಗದೆ ತಾನಾಗಿ ಹೊರಬಿದ್ದಿತು ಎನ್ನೋಣ. ನಿಮ್ಮ ಈಗಿನ ನಿಯಮದಂತೆ ಆ 12 ಸುತ್ತುಗಳ ಅಂಕ ಸ್ಟ್ಯಾಮಿನಾ ಬುಗುರಿಗೆ ಹೋಗುತ್ತದೆ. ಒಂದು ಸುತ್ತನ್ನು ಅಟ್ಯಾಕ್ ಗೆಲ್ಲುವ ಸಂಭವ ನೂರಕ್ಕೆ 40. ನಾಲ್ಕು ಅಂಕದ ಪಂದ್ಯವನ್ನು ಗೆಲ್ಲುವ ಸಂಭವ ಲೆಕ್ಕ ಹಾಕಿದರೆ ನೂರಕ್ಕೆ 29. ತಾನಾಗಿ ಹೊರಬಿದ್ದ ಸುತ್ತನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಆಡಿಸುವುದಾದರೆ 88 ಸುತ್ತುಗಳಲ್ಲಿ 40 ಗೆದ್ದಂತಾಗಿ, ಪಂದ್ಯ ಗೆಲ್ಲುವ ಸಂಭವ ನೂರಕ್ಕೆ 40ಕ್ಕೆ ಏರುತ್ತದೆ. ಅಂದರೆ ಮಕ್ಕಳು ದೂರುತ್ತಿರುವ ನಿಯಮ ಅವರಿಂದ ನೂರು ಪಂದ್ಯಗಳಲ್ಲಿ ಹನ್ನೊಂದನ್ನು ಕಿತ್ತುಕೊಳ್ಳುತ್ತಿದೆ. ಇದು ಕಡಿಮೆಯೇನಲ್ಲ.

ಈಗ ನಿಮ್ಮ ಮೊದಲನೆಯ ನಿಯಮವನ್ನು ನೋಡಿ. ಅದರ ವಿರುದ್ಧ ಯಾರೂ ದೂರು ಕೊಟ್ಟಿಲ್ಲ. ಬೇಬ್ಲೇಡ್ ಎಕ್ಸ್‌ನ ಮೂಲ ಅಂಕಪದ್ಧತಿಯಲ್ಲಿ ಎದುರಾಳಿಗಿಂತ ಹೆಚ್ಚು ಹೊತ್ತು ತಿರುಗಿ ಗೆದ್ದರೆ 1 ಅಂಕ, ಎದುರಾಳಿಯನ್ನು ಅಂಚಿನ ಗುಂಡಿಗೆ ನೂಕಿದರೆ 2, ಅದರ ಭಾಗಗಳು ಕಳಚಿ ಬೀಳುವಂತೆ ಗುದ್ದಿದರೆ 2, ಅದೇ ಅಂಚಿನ ನಡುವಿನ ಎಕ್ಸ್‌ಟ್ರೀಮ್ ಗುಂಡಿಗೆ ಕಳುಹಿಸಿದರೆ 3. ಮೊದಲು ನಾಲ್ಕು ಅಂಕ ಗಳಿಸಿದವರಿಗೆ ಪಂದ್ಯ. ಇದಕ್ಕೆ ಹಿಂದಿನ, 2015ರಲ್ಲಿ ಬಂದ ಬರ್ಸ್ಟ್ ಪೀಳಿಗೆಯಲ್ಲಿ ಹೊರನೂಕಿದ್ದಕ್ಕೆ ಒಂದೇ ಅಂಕವಿತ್ತು. ಹೊಸ ಪೀಳಿಗೆಯಲ್ಲಿ ಅದನ್ನು ಎರಡಕ್ಕೆ ಏರಿಸಿ ದಾಳಿಯ ಸಾಹಸಕ್ಕೆ ಬೆಲೆ ಕಟ್ಟಿದರು. ನಾನು ಹಿಡಿದ ಅದೇ ನೂರು ಸುತ್ತುಗಳಿಗೆ ಈ ಪದ್ಧತಿಯನ್ನು ಅನ್ವಯಿಸಿ, ತಾನಾಗಿ ಹೊರಬಿದ್ದದ್ದಕ್ಕೆ ಎದುರಾಳಿಗೆ ಒಂದು ಅಂಕ ಕೊಡುವ ನಿಮ್ಮ ನಿಯಮವನ್ನು ಹಾಗೆಯೇ ಉಳಿಸಿಕೊಂಡರೆ, ಅಟ್ಯಾಕ್ ಬುಗುರಿಗೆ ನಾಲ್ಕು ಅಂಕಕ್ಕೆ ಎರಡೇ ಗೆಲುವು ಸಾಕಾಗುತ್ತದೆ. ಸ್ಟ್ಯಾಮಿನಾ ಬುಗುರಿಗೆ ನಾಲ್ಕು ಗೆಲುವು ಬೇಕು. ಪಂದ್ಯ ಗೆಲ್ಲುವ ಸಂಭವ ನೂರಕ್ಕೆ 66. ತಾನಾಗಿ ಹೊರಬಿದ್ದರೆ ಎದುರಾಳಿಗೆ ಎರಡಂಕ ಕೊಟ್ಟರೂ ಅದು 59ಕ್ಕಿಂತ ಕೆಳಗಿಳಿಯುವುದಿಲ್ಲ. ಮತ್ತೆ ಆಡಿಸಿದರೆ 75ಕ್ಕೆ ಏರುತ್ತದೆ.

ಒಂದೇ ಬುಗುರಿ, ಒಂದೇ ನೂರು ಸುತ್ತು, ಆದರೆ ಗೆಲುವು 29ರಿಂದ 75ರವರೆಗೆ ಜಾರಾಡುತ್ತದೆ. ಇದರಲ್ಲಿ ಹೊರಬೀಳುವ ನಿಯಮದ ಪಾಲಿಗಿಂತ ‘ಹೇಗೆ ಗೆದ್ದರೂ ಒಂದೇ ಅಂಕ’ ಎಂಬ ನಿಯಮದ ಪಾಲು ಬಹಳ ದೊಡ್ಡದು: ಹೊರಬೀಳುವ ನಿಯಮವನ್ನು ಕೈಬಿಟ್ಟರೆ 29 ಇದ್ದದ್ದು 40 ಆಗುತ್ತದೆ, ಅಂಕಪದ್ಧತಿಯನ್ನು ಮೊದಲಿನಂತೆ ಮಾಡಿದರೆ 66 ಆಗುತ್ತದೆ. ನನ್ನ ಲೆಕ್ಕದಲ್ಲಿ ಅಟ್ಯಾಕ್‌ನ ಗೆಲುವೆಲ್ಲ ಎರಡಂಕದ್ದು, ಸ್ಟ್ಯಾಮಿನಾದ ಗೆಲುವೆಲ್ಲ ಒಂದಂಕದ್ದು ಎಂದು ಹಿಡಿದಿರುವುದರಿಂದ ಅಂತರ ಸ್ವಲ್ಪ ಉಬ್ಬಿ ಕಾಣುತ್ತದೆ. ನಿಜವಾದ ಆಟದಲ್ಲಿ ಗುದ್ದಲು ಬಂದ ಅಟ್ಯಾಕ್ ಬುಗುರಿಯೇ ಹಿಮ್ಮೆಟ್ಟಿ ಗುಂಡಿಗೆ ಬೀಳುವುದುಂಟು, ಎರಡೂ ಬಗೆಯ ಗೆಲುವು ಎರಡೂ ಕಡೆ ಬರುವುದುಂಟು. ಆದರೂ ನಿಮ್ಮ ಶಿಬಿರದ ದಾಖಲೆಯಲ್ಲಿಯೂ ಇದೇ ದಿಕ್ಕು ಕಂಡರೆ ನನಗೆ ಆಶ್ಚರ್ಯವಾಗದು. ಕಣ್ಣಿಗೆ ಹೊಡೆದು ಕಾಣುವ ನಿಯಮದ ಮೇಲೆ ಮಕ್ಕಳ ಸಿಟ್ಟು ತಿರುಗಿದೆ. ಪ್ರತಿ ಸುತ್ತಿನಲ್ಲೂ ಸದ್ದಿಲ್ಲದೆ ಅರ್ಧ ಬೆಲೆ ಕಡಿಯುತ್ತಿರುವ ನಿಯಮ ಅವರಿಗೆ ಕಂಡಿಲ್ಲ.

ಮರು ಅಂಕದ ಈ ಉಪಾಯಕ್ಕೆ ಒಂದು ಮಿತಿಯಿದೆ, ಅದನ್ನು ಮರೆತರೆ ಪರೀಕ್ಷೆ ಅರ್ಧವಾಗುತ್ತದೆ. ನಿಯಮ ಬರಿಯ ಅಂಕವನ್ನಷ್ಟೇ ಬದಲಿಸುವುದಿಲ್ಲ, ಕೈಯನ್ನೂ ಬದಲಿಸುತ್ತದೆ. ಹೊರಬಿದ್ದರೆ ಅಂಕ ಹೋಗುತ್ತದೆ ಎಂದು ತಿಳಿದ ಹುಡುಗ ಬುಗುರಿ ಬಿಡುವ ಸಾಧನವಾದ ಲಾಂಚರಿನ ಹಲ್ಲುಪಟ್ಟಿಯನ್ನು ಪೂರ್ತಿ ಬಲದಿಂದ ಎಳೆಯಲು ಹೆದರುತ್ತಾನೆ. ಮೆಲ್ಲಗೆ ಬಿಟ್ಟ ಅಟ್ಯಾಕ್ ಬುಗುರಿ ಹಳಿಯನ್ನು ಹಿಡಿಯುವುದಿಲ್ಲ, ಹಿಡಿದರೂ ಗುದ್ದುವಷ್ಟು ವೇಗ ಪಡೆಯುವುದಿಲ್ಲ. ಅದು ಸುಮ್ಮನೆ ಅಡ್ಡಾಡಿ, ಸ್ಟ್ಯಾಮಿನಾ ಬುಗುರಿಗಿಂತ ಮೊದಲು ಬಳಲಿ ನಿಲ್ಲುತ್ತದೆ. ಆಗ ನಿಮ್ಮ ದಾಖಲೆಯಲ್ಲಿ ‘ತಾನಾಗಿ ಹೊರಬಿದ್ದದ್ದು’ ಕಡಿಮೆಯಾಗಿ ‘ಮೊದಲು ನಿಂತದ್ದು’ ಹೆಚ್ಚುತ್ತದೆ. ದಾಖಲೆ ನೋಡಿದವರು ಹೊರಬೀಳುವ ನಿಯಮ ಎರಡು ಮೂರು ಸುತ್ತಿಗಷ್ಟೇ ತಾಗಿದೆ, ಅದರಿಂದ ಕೇಡಿಲ್ಲ ಎನ್ನುತ್ತಾರೆ. ಕೇಡು ಪಕ್ಕದ ಕಾಲಮಿನಲ್ಲಿ ಅಡಗಿ ಕುಳಿತಿರುತ್ತದೆ. ಆದ್ದರಿಂದ ಮರು ಅಂಕದ ಜೊತೆಗೆ ನಿಜವಾಗಿ ಎರಡು ನಿಯಮಗಳಲ್ಲಿಯೂ ಆಡಿಸಿ ನೋಡಬೇಕು. ಹತ್ತು ಸುತ್ತು ನಿಯಮ ಇದೆ ಎಂದು ಹೇಳಿ, ಇಪ್ಪತ್ತು ಸುತ್ತು ಇಲ್ಲ ಎಂದು ಹೇಳಿ, ಮತ್ತೆ ಹತ್ತು ಸುತ್ತು ಇದೆ ಎಂದು ಹೇಳಿ ಆಡಿಸಿದರೆ ಕೈ ಪಳಗುವುದರ ಮತ್ತು ದಣಿಯುವುದರ ಪರಿಣಾಮ ಎರಡೂ ಕಡೆ ಸಮನಾಗಿ ಹಂಚಿಹೋಗುತ್ತದೆ. ಎರಡು ಸ್ಥಿತಿಗಳಲ್ಲಿ ಅಟ್ಯಾಕ್ ಬುಗುರಿ ಹೊರನೂಕಿ ಗೆದ್ದ ಸುತ್ತುಗಳು ಎಷ್ಟೆಷ್ಟು ಎಂಬುದನ್ನು ಹೋಲಿಸಿ. ಭಯದ ಬೆಲೆ ಆ ಎರಡು ಸಂಖ್ಯೆಗಳ ನಡುವೆ ಸಿಗುತ್ತದೆ.

ಆಡಿಸುವ ವಿಧಾನದ ಬಗ್ಗೆ ಕೆಲವು ಎಚ್ಚರಿಕೆಗಳು. ಅಟ್ಯಾಕ್ ಬುಗುರಿ ಎಂದು ಒಂದನ್ನೇ ಹಿಡಿದು ತೀರ್ಮಾನಿಸಬೇಡಿ. ಡ್ರ್ಯಾನ್ ಸ್ವೋರ್ಡ್ 3-60 ಎಫ್‌ನಂಥ ಆರಂಭದ ಅಟ್ಯಾಕ್ ಬುಗುರಿಯೊಂದು, ಅದಲ್ಲದೆ ಇನ್ನೊಂದು. ವಿಝರ್ಡ್ ಆ್ಯರೋ 4-80 ಬಿಯಂಥ ಸ್ಟ್ಯಾಮಿನಾ ಬುಗುರಿಯೊಂದು, ಅದಲ್ಲದೆ ಇನ್ನೊಂದು. ಈ ನಾಲ್ಕರಿಂದ ನಾಲ್ಕು ಜೋಡಿಗಳಾಗುತ್ತವೆ. ಪ್ರತಿ ಜೋಡಿಗೆ ಇಪ್ಪತ್ತೈದು ಸುತ್ತು ಆಡಿಸಿದರೆ ನೂರು ಸುತ್ತು, ಎರಡು ಮಧ್ಯಾಹ್ನದ ಕೆಲಸ. ಎಡಕ್ಕೆ ತಿರುಗುವ ಬುಗುರಿಗಳನ್ನು ಈ ಪರೀಕ್ಷೆಯಿಂದ ಹೊರಗಿಡಿ, ಏಕೆಂದರೆ ವಿರುದ್ಧ ದಿಕ್ಕಿಗೆ ತಿರುಗುವ ಎರಡು ಬುಗುರಿಗಳು ಒಂದರ ಸುತ್ತನ್ನು ಇನ್ನೊಂದು ಹಂಚಿಕೊಳ್ಳುವುದರಿಂದ ಅದು ಬೇರೆಯೇ ಆಟವಾಗುತ್ತದೆ. ಬುಗುರಿ ಬಿಡುವ ಕೆಲಸವನ್ನು ಹೆಚ್ಚುಕಡಿಮೆ ಸಮಬಲದ ಇಬ್ಬರು ಮಕ್ಕಳಿಗೆ ಕೊಟ್ಟು, ಪ್ರತಿ ಐದು ಸುತ್ತಿಗೊಮ್ಮೆ ಬುಗುರಿಗಳನ್ನೂ ನಿಲ್ಲುವ ಪಕ್ಕವನ್ನೂ ಅದಲುಬದಲು ಮಾಡಿಸಿ. ಹೀಗೆ ಮಾಡದಿದ್ದರೆ ನೀವು ಅಳೆಯುವುದು ಬುಗುರಿಯನ್ನಲ್ಲ, ಕೈಯ ಬಲವನ್ನು.

ಎಲ್ಲಕ್ಕಿಂತ ಹೆಚ್ಚು ಜಾಗ್ರತೆ ಬೇಕಾದದ್ದು ‘ತಾಗದೆ’ ಎಂಬ ಒಂದು ಪದದಲ್ಲಿ. ಬಿಟ್ಟ ಗಳಿಗೆಯಿಂದ ಹೊರಬೀಳುವವರೆಗೆ ಒಮ್ಮೆಯೂ ತಾಗದಿರುವುದು ಒಂದು. ಆರಂಭದಲ್ಲಿ ತಾಗಿ, ಸ್ಟೇಡಿಯಂನಲ್ಲಿ ಎರಡು ಸುತ್ತು ಬಂದು, ಆಮೇಲೆ ತನ್ನ ಓಟದಿಂದಲೇ ಹೊರಬೀಳುವುದು ಇನ್ನೊಂದು. ಗುದ್ದಿದ ಏಟಿಗೆ ತಾನೇ ಹಿಂದಕ್ಕೆ ಚಿಮ್ಮಿ ಹೊರಬೀಳುವುದು ಮತ್ತೊಂದು. ಗುದ್ದು ಎರಡೂ ಬುಗುರಿಗಳಿಗೆ ಸಮನಾಗಿ ತಾಗುವುದರಿಂದ ಅದು ಎದುರಾಳಿ ಗಟ್ಟಿಯಾಗಿ ನಿಂತು ಗಳಿಸಿದ ಗೆಲುವು, ನಿಯಮದ ಕೊಡುಗೆಯಲ್ಲ. ಕಣ್ಣಿಗೆ ಈ ಮೂರನ್ನು ಬೇರ್ಪಡಿಸುವುದು ಕಷ್ಟ, ಅದರಲ್ಲೂ ತೀರ್ಪು ಕೊಡುವವರಿಗೆ ಒಂದು ಕಡೆ ಒಲವಿದ್ದರೆ ತಾಗಿದ್ದು ತಾಗಲಿಲ್ಲ ಎಂದಾಗುತ್ತದೆ. ಈಗಿನ ಅನೇಕ ಮೊಬೈಲುಗಳಲ್ಲಿ ಸ್ಲೋ ಮೋಷನ್ ಚಿತ್ರೀಕರಣವಿದೆ. ಸ್ಟೇಡಿಯಂನ ಮೇಲೆ ಒಂದು ಮೊಬೈಲನ್ನು ಕಟ್ಟಿಟ್ಟು, ಅನುಮಾನ ಬಂದ ಸುತ್ತನ್ನು ಮತ್ತೆ ನೋಡಿ ಮೂರರಲ್ಲಿ ಯಾವುದೆಂದು ಬರೆದುಕೊಳ್ಳಿ. ಬರೆಯುವ ಮಗುವಿಗೆ ಅಂಕದ ಹಂಗು ಬೇಡ. ಸುತ್ತಿನ ಸಂಖ್ಯೆ, ಯಾವ ಕೈಯಲ್ಲಿ ಯಾವ ಬುಗುರಿ, ಹೇಗೆ ಮುಗಿಯಿತು, ಕೊನೆಯ ತಾಕು ಯಾವಾಗ – ಇಷ್ಟೇ ಸಾಕು.

ಕೊನೆಯದಾಗಿ, ಎಷ್ಟು ಸುತ್ತು ಆಡಿಸುವಿರಿ, ಎಷ್ಟು ವ್ಯತ್ಯಾಸ ಕಂಡರೆ ನಿಯಮ ಬದಲಿಸುವಿರಿ ಎಂಬುದನ್ನು ಮೊದಲ ಬುಗುರಿ ಬಿಡುವ ಮುನ್ನವೇ ಎರಡೂ ಪಂಗಡದ ಮಕ್ಕಳ ಮುಂದೆ ಬರೆದು ಗೋಡೆಗೆ ಅಂಟಿಸಿ. ಅರ್ಧ ದಾರಿಯಲ್ಲಿ ತಮಗೆ ಬೇಕಾದ ಸಂಖ್ಯೆ ಬಂದೊಡನೆ ಸಾಕು ಎನ್ನುವ ಆಸೆ ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಬರುತ್ತದೆ.

ಇನ್ನು, ನಿಯಮ ಅಟ್ಯಾಕ್ ಬುಗುರಿಗೆ ಭಾರವಾಗುತ್ತಿದೆ ಎಂದು ಸಿದ್ಧವಾದ ಮೇಲೂ ಅದನ್ನು ತೆಗೆಯಲೇಬೇಕೆಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಬುಗುರಿಯನ್ನು ಕಣದೊಳಗೆ ಉಳಿಸಿಕೊಳ್ಳುವುದು ಆಡುವವನ ಕುಶಲತೆಯ ಭಾಗ. ನಮ್ಮ ಚಾಟಿಯ ಬುಗುರಿಯಲ್ಲಿಯೂ ಗುರಿ ತಪ್ಪಿ, ತಿರುಗದೆ ಉರುಳಿದ ಬುಗುರಿಯನ್ನು ವೃತ್ತದೊಳಗೆ ಇಟ್ಟು ಏಟು ತಿನ್ನಬೇಕಾಗಿತ್ತು. ಅದನ್ನು ಯಾರೂ ಅನ್ಯಾಯ ಎನ್ನಲಿಲ್ಲ. ಆದರೆ ಅಲ್ಲಿ ಗುನ್ನ ಬಿದ್ದರೆ ಸಿಗುವ ಲಾಭವೂ ದೊಡ್ಡದಿತ್ತು. ಅಪಾಯಕ್ಕೆ ದಂಡ ಹಾಕಿ ಸಾಹಸಕ್ಕೆ ಬಹುಮಾನ ಕೊಡದಿದ್ದಾಗ ತಕ್ಕಡಿ ವಾಲುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಹೊರಬೀಳುವ ನಿಯಮವನ್ನು ಒಂದು ಅಂಕದ ದಂಡವಾಗಿಯೇ ಉಳಿಸಿಕೊಂಡು, ಹೊರನೂಕಿ ಗೆದ್ದವರಿಗೆ ಎರಡಂಕ ಕೊಡುವ ಪದ್ಧತಿಗೆ ಮರಳುತ್ತಿದ್ದೆ. ಹಾಗೆ ಮಾಡಿದ ಮೇಲೆ ಸ್ಟ್ಯಾಮಿನಾ ಬುಗುರಿಯ ಮಕ್ಕಳು ದೂರು ತಂದರೆ ಅವರಿಗೂ ಇದೇ ಪರೀಕ್ಷೆ ಮಾಡಿಸುವ ಋಣ ನಿಮ್ಮ ಮೇಲಿರುತ್ತದೆ.

ಪ್ರಶ್ನೆ: ನನ್ನ ಮಗನ ಅಟ್ಯಾಕ್ ಬುಗುರಿ ಎದುರಾಳಿಯೇ ಇಲ್ಲದಾಗಲೂ ಸ್ಟೇಡಿಯಂನಿಂದ ಹಾರಿಹೋಗುತ್ತದೆ, ಅದೂ ಬಹಳ ಸಲ ಒಂದೇ ಕಡೆಗೆ. ಇದು ಬುಗುರಿಯ ಗುಣವೋ, ಅವನು ಬಿಡುವ ರೀತಿಯ ದೋಷವೋ? ಇದನ್ನು ತಿಳಿಯದೆ ನಿಯಮವನ್ನು ದೂರುವುದು ಸರಿಯಲ್ಲ ಎಂದು ಅವನಿಗೆ ಹೇಳಿದ್ದೇನೆ.
– ಒಬ್ಬ ತಂದೆ, ಕಾರವಾರ

ಉತ್ತರ: ನೀವು ಹೇಳಿದ್ದು ಸರಿ. ‘ಒಂದೇ ಕಡೆಗೆ’ ಎಂಬ ನಿಮ್ಮ ಮಾತು ನನ್ನ ಗಮನವನ್ನು ಮೊದಲು ನೆಲದತ್ತ ಸೆಳೆಯಿತು. ಕರಾವಳಿಯ ಮನೆಗಳ ಜಗಲಿಯನ್ನೂ ಅಂಗಳವನ್ನೂ ಮಳೆನೀರು ನಿಲ್ಲದಿರಲೆಂದು ಸ್ವಲ್ಪ ಇಳಿಜಾರಾಗಿಯೇ ಕಟ್ಟುತ್ತಾರೆ. ಕಣ್ಣಿಗೆ ಕಾಣದ ಆ ಇಳಿಜಾರು ಬುಗುರಿಗೆ ಕಾಣುತ್ತದೆ. ನಾನೂ ನಮ್ಮ ಮನೆಯ ಜಗಲಿಯಲ್ಲಿ ಮಕ್ಕಳೊಡನೆ ಒಂದಿಡೀ ಸಂಜೆ ಸುತ್ತುಗಳನ್ನು ಎಣಿಸಿ, ಕೊನೆಗೆ ಸ್ಟೇಡಿಯಂ ಅಂಗಳದ ಕಡೆಗೆ ವಾಲಿದ್ದು ಗೊತ್ತಾಗಿ, ಬರೆದ ಹಾಳೆಯನ್ನೆಲ್ಲ ಬಿಟ್ಟುಕೊಡಬೇಕಾಯಿತು. ಗಾರೆ ಕೆಲಸದವರ ರಸಮಟ್ಟ ಸಿಕ್ಕರೆ ಸ್ಟೇಡಿಯಂನ ಅಂಚಿನ ಮೇಲೆ ಎರಡು ದಿಕ್ಕಿಗೂ ಇಟ್ಟು ನೋಡಿ. ಸಿಗದಿದ್ದರೆ ಸ್ಟೇಡಿಯಂ ಇಡುವ ಜಾಗದಲ್ಲಿ ಒಂದು ಗಾಜಿನ ಹಾಳೆಯಿಟ್ಟು ಅದರ ಮೇಲೆ ಗೋಲಿ ಬಿಡಿ; ಗೋಲಿ ಉರುಳಿದ ಕಡೆಗೆ ಒಂದೆರಡು ಮಡಿಕೆ ಕಾಗದ ಕೊಟ್ಟು ಸಮ ಮಾಡಿ.

ಆಮೇಲೆ ಎದುರಾಳಿಯಿಲ್ಲದೆಯೇ ಬುಗುರಿ ಬಿಡಿಸಿ. ಪೂರ್ತಿ ಬಲದಿಂದ ಇಪ್ಪತ್ತು ಸಲ, ಅದಕ್ಕಿಂತ ತುಸು ಮೆಲ್ಲಗೆ ಇಪ್ಪತ್ತು ಸಲ. ಎರಡನ್ನೂ ಬೆರೆಸಿ, ಯಾವಾಗ ಯಾವುದು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ. ಲಾಂಚರನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದಾಗಲೂ ಓರೆಯಾಗಿ ಹಿಡಿದಾಗಲೂ ಹೀಗೆಯೇ ಎಣಿಸಿ. ಓರೆಯಾಗಿ ಬಿಟ್ಟಾಗ ಬಿಟ್‌ನ ಅಂಚು ಮೊದಲ ಗಳಿಗೆಯಿಂದಲೇ ನೆಲವನ್ನು ಕಚ್ಚುವುದರಿಂದ ಓಟ ಹೆಚ್ಚು. ಸಮನಾಗಿ ಹಿಡಿದು ಬಿಟ್ಟಾಗ ಹೊರಬೀಳುವುದು ನಿಂತುಹೋದರೆ ಅದು ಕೈಯ ದೋಷ, ಅಭ್ಯಾಸದಿಂದ ತಿದ್ದಬಹುದು. ಹೇಗೆ ಬಿಟ್ಟರೂ ಅಷ್ಟೇ ಸಲ ಹೊರಬೀಳುತ್ತಿದ್ದರೆ ಅದು ಬುಗುರಿಯ ಸ್ವಭಾವ. ಆಗ ನಿಮ್ಮ ಮಗನ ದೂರಿಗೆ ತೂಕ ಬರುತ್ತದೆ. ಬುಗುರಿ ಜಾತ್ರೆಯ ಅಂಗಡಿಯಲ್ಲಿ ಕೊಂಡ ನಕಲಿಯಾಗಿದ್ದರೆ ಈ ಯಾವ ಮಾತನ್ನೂ ಹೇಳಲು ಬರುವುದಿಲ್ಲ. ಅವುಗಳ ತೂಕ ಒಂದರಂತೆ ಒಂದಿರುವುದಿಲ್ಲ, ಬಿಟ್ ನಡುವಿನಿಂದ ಜರುಗಿರುವುದೂ ಉಂಟು.

ಪ್ರಶ್ನೆ: ನಾನು ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದೇನೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದೇ ವಿಷಯ ಆರಿಸಿಕೊಂಡಿದ್ದೇನೆ. ನೂರು ಸುತ್ತು ಆಡಿಸಿದಾಗ ಸ್ಟ್ಯಾಮಿನಾ ಬುಗುರಿ 55, ಅಟ್ಯಾಕ್ ಬುಗುರಿ 45 ಗೆದ್ದಿತು. ನಿಯಮ ಅಟ್ಯಾಕ್‌ಗೆ ವಿರುದ್ಧವಾಗಿದೆ ಎಂದು ಬರೆಯಬಹುದೇ?
– ಒಬ್ಬ ವಿದ್ಯಾರ್ಥಿನಿ, ಕುಮಟಾ

ಉತ್ತರ: ಬರೆಯಬೇಡ, ತಂಗೀ. ಸರಿಸಮ ಬುಗುರಿಗಳನ್ನು ನೂರು ಸುತ್ತು ಆಡಿಸಿದರೂ ಗೆಲುವಿನ ಸಂಖ್ಯೆ ಐವತ್ತರಿಂದ ಆಚೀಚೆ ಸುಮಾರು ಹತ್ತರವರೆಗೆ ಸರಿಯುವುದು ಸಹಜ. ನಾನೂರು ಸುತ್ತು ಆಡಿಸಿದರೆ ಈ ಓಲಾಟ ನೂರಕ್ಕೆ ಸುಮಾರು ಐದಕ್ಕೆ ಇಳಿಯುತ್ತದೆ. ಓಲಾಟವನ್ನು ಅರ್ಧ ಮಾಡಲು ಸುತ್ತುಗಳನ್ನು ನಾಲ್ಕು ಪಟ್ಟು ಮಾಡಬೇಕು ಎಂಬುದನ್ನು ನೆನಪಿಡು. ನಿನ್ನ 55–45ಕ್ಕೆ ಅದೃಷ್ಟವೊಂದೇ ಕಾರಣವಾಗಿರಬಹುದು.

ನೀನು ಬರೆಯಬೇಕಾದ ಸಂಖ್ಯೆ ಬೇರೆ ಇದೆ. ನಿನ್ನ ನೂರು ಸುತ್ತುಗಳಲ್ಲಿ ನಿಯಮ ನಿಜವಾಗಿ ಕೈಹಾಕಿದ ಸುತ್ತುಗಳು, ಅಂದರೆ ತಾಗದೆ ಹೊರಬಿದ್ದವು, ಎಷ್ಟು? ಉಳಿದ ಸುತ್ತುಗಳ ಫಲಿತಾಂಶ ನಿಯಮವಿದ್ದರೂ ಇಲ್ಲದಿದ್ದರೂ ಒಂದೇ ಆಗಿರುವುದರಿಂದ ಅವು ಈ ಪ್ರಶ್ನೆಗೆ ಏನನ್ನೂ ಹೇಳುವುದಿಲ್ಲ. ಅಂಥವು 12 ಸಿಕ್ಕವು ಎಂದುಕೋ. ಅದರಲ್ಲಿ 11 ಅಟ್ಯಾಕ್ ಬುಗುರಿಯವು, ಒಂದು ಸ್ಟ್ಯಾಮಿನಾದ್ದು ಎಂದಾದರೆ ನಿಯಮದ ಭಾರ ಯಾರ ಮೇಲೆ ಬೀಳುತ್ತಿದೆ ಎಂಬುದಕ್ಕೆ ಅದು 55–45ಕ್ಕಿಂತ ಎಷ್ಟೋ ಗಟ್ಟಿಯಾದ ಸಾಕ್ಷಿ. ನಾಣ್ಯ ಚಿಮ್ಮಿದರೆ ಹನ್ನೆರಡರಲ್ಲಿ ಹನ್ನೊಂದು ಅಥವಾ ಹನ್ನೆರಡೂ ಒಂದು ಗೊತ್ತಾದ ಮುಖಕ್ಕೇ ಬೀಳುವುದು 4096ರಲ್ಲಿ 13 ಸಲ ಮಾತ್ರ. ಆದರೆ ಆ ಹನ್ನೆರಡು ಎಂಬ ಸಂಖ್ಯೆಯೂ ನೂರು ಸುತ್ತುಗಳಿಂದ ಬಂದದ್ದು. ಇನ್ನಷ್ಟು ಆಡಿಸಿದರೆ ಅದು ನೂರಕ್ಕೆ 7ರಿಂದ 20ರವರೆಗೆ ಎಲ್ಲಿಯಾದರೂ ನಿಂತೀತು ಎಂಬುದನ್ನೂ ಫಲಕದ ಮೇಲೆ ಬರೆ.

ಇನ್ನೊಂದು ಮಾತು. ನೂರನೆಯ ಸುತ್ತಿನ ಬುಗುರಿ ಮೊದಲ ಸುತ್ತಿನ ಬುಗುರಿಯಲ್ಲ. ಚಪ್ಪಟೆ ಬಿಟ್‌ನ ಅಂಚು ಸವೆಯುತ್ತ ಬಂದಂತೆ ಅದರ ಓಟ ಬದಲಾಗುತ್ತದೆ. ಹೊರಬಿದ್ದ ಸುತ್ತುಗಳನ್ನು ಮೊದಲ ಐವತ್ತರಲ್ಲಿ ಎಷ್ಟು, ಕೊನೆಯ ಐವತ್ತರಲ್ಲಿ ಎಷ್ಟು ಎಂದು ಬೇರೆ ಬೇರೆಯಾಗಿ ಎಣಿಸಿ ಇಡು. ಎರಡರ ನಡುವೆ ದೊಡ್ಡ ಅಂತರ ಕಂಡರೆ ಹೊಸ ಬಿಟ್ ಹಾಕಿ ಇನ್ನೂ ಐವತ್ತು ಸುತ್ತು ಆಡಿಸಿ ನೋಡಿದ ಮೇಲೆಯೇ ಪ್ರದರ್ಶನಕ್ಕೆ ಕೊಂಡೊಯ್ಯಿ.